ಸೋಲಾರ್ ಟ್ಯಾಂಕಿನ ಬಿಸಿನೀರು ರಾತ್ರಿ ಕಳೆದುಹೋಗುವುದು ವಹನದಿಂದಲೋ, ಸಂವಹನದಿಂದಲೋ?

ತಾರಸಿವಾಸಿ:

ಎಲ್ಲರಿಗೂ ನಮಸ್ಕಾರ. 200 ಲೀಟರಿನ ಎಫ್‌ಪಿಸಿ (ಚಪ್ಪಟೆ ಪ್ಯಾನೆಲ್ಲಿನ) ಸೋಲಾರ್ ವಾಟರ್ ಹೀಟರ್, 2 ಚದರ ಮೀಟರಿನ ಎರಡು ಪ್ಯಾನೆಲ್, ಪಂಪ್ ಇಲ್ಲ. ಊರು ಮೈಸೂರು. ಅಡ್ಡ ಮಲಗಿಸಿದ ಟ್ಯಾಂಕು, 50 ಮಿ.ಮೀ. ಪಫ್ (ಶಾಖ ತಡೆಯುವ ಫೋಮ್) ಇದೆ ಅಂತ ಬಿಲ್ಲಿನಲ್ಲಿ ಬರೆದಿದೆ.

ತೊಂದರೆ ಇಷ್ಟು. ಸಂಜೆ 6ಕ್ಕೆ 18 ಲೀಟರಿನ ಬಕೆಟ್ಟಿನಲ್ಲಿ ಒಂದರ ಹಿಂದೆ ಒಂದು ಹಿಡಿದು ಅಳೆದರೆ 58, 58, 58, 57, 57, 56, 53, 46 ಡಿಗ್ರಿ ಬರುತ್ತೆ. ಅದೇ ಥರದ ಬಿಸಿಲಿದ್ದ ಇನ್ನೊಂದು ದಿನ ಸಂಜೆ ಒಂದು ತಂಬಿಗೆಯನ್ನೂ ಬಳಸದೆ ಬಿಟ್ಟು, ಬೆಳಗ್ಗೆ 6ಕ್ಕೆ ಹಿಡಿದರೆ 54, 54, 53, 51, 41, 29, 24, 24. ಪೈಪಿನಲ್ಲಿ ನಿಂತ ನೀರನ್ನು ಮೊದಲು ಹೊರಗೆ ಬಿಟ್ಟೇ ಅಳೆದದ್ದು. ರಾತ್ರಿ ತಾರಸಿಯ ಗಾಳಿ 18 ಡಿಗ್ರಿ ಆಸುಪಾಸು, ಓವರ್‌ಹೆಡ್ ಟ್ಯಾಂಕಿನ ತಣ್ಣೀರು 22. ಸೋಲಾರ್ ಟ್ಯಾಂಕಿನ ತಳ ಪ್ಯಾನೆಲ್ಲಿನ ಮೇಲ್ತುದಿಗಿಂತ 25 ಸೆಂ.ಮೀ. ಕೆಳಗಿದೆ. ಓವರ್‌ಹೆಡ್ ಟ್ಯಾಂಕು ಹೆಚ್ಚು ಎತ್ತರ ಇಲ್ಲದ್ದರಿಂದ ಸ್ಟ್ಯಾಂಡ್ ಗಿಡ್ಡ ಮಾಡಿದ್ದಾರಂತೆ.

ಒಬ್ಬರು "ಪಫ್ ಹೋಗಿದೆ, ಟ್ಯಾಂಕ್ ಬದಲಿಸಿ" ಅಂತಾರೆ. ಇನ್ನೊಬ್ಬರು "ಟ್ಯಾಂಕ್ ಸರಿಯಿದೆ, ನೀರು ಉಲ್ಟಾ ತಿರುಗ್ತಿದೆ" ಅಂತಾರೆ. ಮೊದಲನೆಯದು ವಹನದ ಮಾತು, ಎರಡನೆಯದು ಸಂವಹನದ ಮಾತು ಅನ್ನೋದು ಗೊತ್ತಾಗುತ್ತೆ. ಘನದಲ್ಲಿ ವಹನ, ದ್ರವ ಮತ್ತು ಅನಿಲದಲ್ಲಿ ಸಂವಹನ ಅಂತ ಶಾಲೆಯಲ್ಲಿ ಓದಿದ್ದೂ ನೆನಪಿದೆ. ಆದರೆ ಒಂದೇ ಟ್ಯಾಂಕಿನಲ್ಲಿ ಯಾವುದು ಎಷ್ಟು ಕದೀತಿದೆ ಅಂತ ಬೇರೆ ಮಾಡಿ ಹೇಳೋದು ಹೇಗೆ?

ಉಷ್ಣಲೆಕ್ಕ:

ಉತ್ತರ ನಿಮ್ಮ ಬಕೆಟ್ ಪಟ್ಟಿಯಲ್ಲೇ ಇದೆ ಸರ್. ಎಲ್ಲರೂ ಹೀಗೆ ಅಳೆದು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ವಹನದಲ್ಲಿ ವಸ್ತು ಇದ್ದಲ್ಲೇ ಇರುತ್ತದೆ, ಶಾಖ ಮಾತ್ರ ಕಣದಿಂದ ಕಣಕ್ಕೆ ದಾಟುತ್ತದೆ. ಸಂವಹನದಲ್ಲಿ ಬಿಸಿಯಾದ ನೀರೋ ಗಾಳಿಯೋ ತಾನೇ ಹೊರಟುಹೋಗಿ ಶಾಖವನ್ನು ಜೊತೆಗೆ ಒಯ್ಯುತ್ತದೆ. ಆದ್ದರಿಂದ ವಹನದ ಲೆಕ್ಕಕ್ಕೆ ಬೇಕಾದವು ವಸ್ತು, ಅದರ ದಪ್ಪ, ವಿಸ್ತೀರ್ಣ, ಎರಡು ಮುಖಗಳ ಉಷ್ಣತೆಯ ಅಂತರ. ಫೋರಿಯೆ 1822ರಲ್ಲಿ ಪ್ರಕಟಿಸಿದ ನಿಯಮ ಇದೇ: ವಾಹಕತೆಯನ್ನು ವಿಸ್ತೀರ್ಣದಿಂದಲೂ ಅಂತರದಿಂದಲೂ ಗುಣಿಸಿ ದಪ್ಪದಿಂದ ಭಾಗಿಸಿ. ಸಂವಹನಕ್ಕೆ ಇಷ್ಟು ಸಾಲದು. ಯಾವುದು ಮೇಲಿದೆ, ಯಾವುದು ಕೆಳಗಿದೆ, ಹರಿಯಲು ದಾರಿ ಇದೆಯೇ ಎಂದೂ ಕೇಳಬೇಕು.

ವಾಹಕತೆಯ ಅಂಕಿಗಳನ್ನು ವ್ಯಾಟ್‌ನಲ್ಲಿ ಕೊಡುತ್ತೇನೆ, ಒಂದು ಮೀಟರ್ ದಪ್ಪ, ಒಂದು ಚದರ ಮೀಟರ್ ವಿಸ್ತೀರ್ಣ, ಒಂದು ಡಿಗ್ರಿ ಅಂತರಕ್ಕೆ. ತಾಮ್ರ ಸುಮಾರು 390, ಅಲ್ಯೂಮಿನಿಯಂ 200ರ ಮೇಲೆ, ಸಾದಾ ಉಕ್ಕು 50, ಸ್ಟೇನ್‌ಲೆಸ್ ಸ್ಟೀಲ್ 15, ಗಾಜು 1, ನೀರು 0.6, ಪಫ್ 0.024, ನಿಶ್ಚಲ ಗಾಳಿ 0.026. ನೀರಿನ ಅಂಕಿಯನ್ನು ಗಮನಿಸಿ. ನೀರು ಕೆಟ್ಟ ವಾಹಕ. ಹಂಡೆಯ ತಳಕ್ಕೆ ಉರಿ ಹಾಕಿದರೆ ನೀರೆಲ್ಲ ಕಾಯುವುದು ಅದು ತಿರುಗುವುದರಿಂದ.

ಈಗ ನಿಮ್ಮ ಟ್ಯಾಂಕು. 200 ಲೀಟರಿಗೆ ಒಳವ್ಯಾಸ 45 ಸೆಂ.ಮೀ., ಉದ್ದ 1.26 ಮೀ. ಎಂದಿಟ್ಟುಕೊಂಡರೆ ಹೊರಮೈ ಸುಮಾರು 2.1 ಚದರ ಮೀಟರ್. ಪಫ್ 0.05 ಮೀ. ದಪ್ಪ, ಆದ್ದರಿಂದ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 0.024 ÷ 0.05 = 0.48 ವ್ಯಾಟ್. ಒಳಗೆ ಹೊರಗೆ ಸರಾಸರಿ 35 ಡಿಗ್ರಿ ಅಂತರ ಹಿಡಿದರೆ 0.48 × 2.1 × 35 = 35 ವ್ಯಾಟ್. ಹನ್ನೆರಡು ಗಂಟೆಗೆ 0.42 ಯೂನಿಟ್. 200 ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು 837 ಕಿಲೋಜೂಲ್ ಹೋಗಬೇಕು, ಅಂದರೆ 0.23 ಯೂನಿಟ್. ಹಾಗಾಗಿ ಒಳ್ಳೆಯ ಪಫ್ ಇದ್ದರೆ ರಾತ್ರಿಗೆ ಎರಡು ಡಿಗ್ರಿಗಿಂತ ಕಡಿಮೆ ಇಳಿಯಬೇಕು. ಪೈಪ್ ಸೇರುವ ಜಾಗ, ಕೊನೆಯ ಮುಚ್ಚಳ, ಸ್ಟ್ಯಾಂಡಿನ ಕಾಲು ಎಲ್ಲ ಸೇರಿಸಿ ಮೂರೋ ನಾಲ್ಕೋ ಎನ್ನಿ. ನಿಮ್ಮ ಮೊದಲ ಮೂರು ಬಕೆಟ್ ಇಳಿದಿರುವುದು ಹೆಚ್ಚುಕಡಿಮೆ ಅಷ್ಟೇ.

ಕಳ್ಳತನ ಆಗಿರುವುದು ಐದನೇ ಬಕೆಟ್ಟಿನಿಂದ ಆಚೆ. ಎರಡು ಪಟ್ಟಿಗಳ ವ್ಯತ್ಯಾಸ ಕೂಡಿಸಿದರೆ 113 ಡಿಗ್ರಿ-ಬಕೆಟ್. ಅದನ್ನು 18 ಲೀಟರಿನಿಂದ ಗುಣಿಸಿ ಯೂನಿಟ್‌ಗೆ ತಂದರೆ ಸುಮಾರು 2.4. ಅದರಲ್ಲಿ ಪಫ್ ದಾಟಿ ಹೋದದ್ದು 0.4. ಉಳಿದ 2 ಯೂನಿಟ್ ಬೇರೆ ದಾರಿಯಲ್ಲಿ ಹೋಗಿದೆ, ಸರಾಸರಿ 165 ವ್ಯಾಟ್‌ನಂತೆ.

ಪಫ್ಫೇ ತಪ್ಪಿತಸ್ಥ ಆಗಿದ್ದರೆ ನಷ್ಟ ಇಡೀ ಟ್ಯಾಂಕಿಗೆ ಹಂಚಿಹೋಗುತ್ತಿತ್ತು. ಮೊದಲ ಬಕೆಟ್ಟೇ 48ರ ಹತ್ತಿರ ಬರಬೇಕಿತ್ತು, ನಂತರದವೂ ಹೆಚ್ಚುಕಡಿಮೆ ಹಾಗೇ ಇರಬೇಕಿತ್ತು. ನಿಮ್ಮಲ್ಲಿ ಮೇಲಿನ ನೀರು ಬಿಸಿಯಾಗೇ ಇದ್ದು ತಳದಲ್ಲಿ ಮೂರು ನಾಲ್ಕು ಬಕೆಟ್ ತಣ್ಣೀರು ಬಂದು ಕೂತಿದೆ. ಗೋಡೆಯ ಮೂಲಕ ಶಾಖ ಸೋರಿದರೆ ಹೀಗೆ ಆಗುವುದಿಲ್ಲ. ರಾತ್ರಿ ಬಿಸಿನೀರು ಪ್ಯಾನೆಲ್ಲಿಗೆ ಇಳಿದು, ಅಲ್ಲಿ ತಣ್ಣಗಾಗಿ, ಟ್ಯಾಂಕಿನ ತಳಕ್ಕೆ ವಾಪಸು ಸೇರಿದೆ.

ಎಷ್ಟು ಹರಿವು ಬೇಕು? 55 ಡಿಗ್ರಿಯಲ್ಲಿ ಹೋಗಿ 22ರಲ್ಲಿ ಮರಳುವ ನೀರಾದರೆ ಗಂಟೆಗೆ ನಾಲ್ಕೂವರೆ ಲೀಟರ್ ಸಾಕು, ಅಂದರೆ ನಿಮಿಷಕ್ಕೆ 75 ಮಿಲಿ. ರಾತ್ರಿಯಿಡೀ 50ರಿಂದ 55 ಲೀಟರ್, ಸರಿಯಾಗಿ ಮೂರು ಬಕೆಟ್. ಇನ್ನು ಟ್ಯಾಂಕಿಗೂ ಪ್ಯಾನೆಲ್ಲಿಗೂ ನಡುವಿನ ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಲೋಹದ ಮೂಲಕ ವಹನದಿಂದ ಎಷ್ಟು ಹೋಗುತ್ತದೆ ನೋಡಿ. ಲೋಹದ ಅಡ್ಡಕೊಯ್ತ ಸುಮಾರು 300 ಚದರ ಮಿ.ಮೀ., ಒಂದು ಮೀಟರ್ ಉದ್ದಕ್ಕೆ 33 ಡಿಗ್ರಿ ಅಂತರ ಇದ್ದರೂ ಬರುವುದು ಅರ್ಧ ವ್ಯಾಟ್. ಅದೇ ಪೈಪಿನೊಳಗೆ ಕಣ್ಣಿಗೂ ಕಾಣದಷ್ಟು ನಿಧಾನ ನೀರು ಹರಿದರೆ 165 ವ್ಯಾಟ್. ವಹನ, ಸಂವಹನದ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸಾದಾಸೀದಾ:

ಇಷ್ಟೆಲ್ಲ ಲೆಕ್ಕ ಯಾಕೆ? ಟ್ಯಾಂಕಿಗೆ ಎರಡಿಂಚು ಥರ್ಮಾಕೋಲ್ ಸುತ್ತಿ, ಮೇಲೆ ಶೀಟ್ ಹೊದಿಸಿ. ಬಿಸಿ ಹೊರಗೆ ಹೋಗೋಕೆ ಜಾಗಾನೇ ಇರಲ್ಲ.

ಉಷ್ಣಲೆಕ್ಕ:

@ಸಾದಾಸೀದಾ, ಸುತ್ತಬಹುದು. ಪಫ್ ಮೂಲಕ ಹೋಗುತ್ತಿರುವ 35 ವ್ಯಾಟ್ ಇಪ್ಪತ್ತೆರಡಕ್ಕೆ ಇಳಿದೀತು. ಬೆಳಗ್ಗೆ ಮುಕ್ಕಾಲು ಡಿಗ್ರಿ ಲಾಭ. 165 ವ್ಯಾಟ್ ಹಾಗೇ ಹರಿಯುತ್ತಿರುತ್ತದೆ. ಜೊತೆಗೆ ಬಿಸಿ ಪೈಪಿಗೆ ತಾಗಿದ ಥರ್ಮಾಕೋಲ್ 80 ಡಿಗ್ರಿ ದಾಟಿದರೆ ಮೆತ್ತಗಾಗಿ ಕುಗ್ಗುತ್ತದೆ.

ಪೈಪ್‌ರೇಂಚು:

ಲೆಕ್ಕ ಅವರು ಹೇಳಿದ್ರು, ಮೇಲೆ ಹತ್ತಿ ನೋಡೋದನ್ನ ನಾನು ಹೇಳ್ತೀನಿ. ಟಾರ್ಚ್ ಹಿಡ್ಕೊಂಡು ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ಹೋಗಿ. ಅದಕ್ಕೂ ಮುಂಚೆ ಹೋದ್ರೆ ಹಗಲಿನ ಬಿಸಿ ಪೈಪಲ್ಲಿ ಇನ್ನೂ ಇರುತ್ತೆ, ಮೋಸ ಹೋಗ್ತೀರ.

ಮೊದಲು ಟ್ಯಾಂಕಿನ ಹೊರಗಿನ ತಗಡು ಮುಟ್ಟಿ. ಪಫ್ ಸರಿ ಇದ್ರೆ ತಗಡು ಗಾಳಿಯಷ್ಟೇ ತಣ್ಣಗೆ, ಒಂದೆರಡು ಡಿಗ್ರಿ ಹೆಚ್ಚು ಇರಬಹುದು, ಕೈಗೆ ಗೊತ್ತಾಗಲ್ಲ. ಪಫ್ ನೆಂದಿದ್ರೆ ಅಥವಾ ಒಳಗೆ ಪೊಳ್ಳು ಬಿದ್ದಿದ್ರೆ ಆ ಜಾಗ ಬೆಚ್ಚಗೆ ಇರುತ್ತೆ. ಮುಖ್ಯವಾಗಿ ತಳಭಾಗ ನೋಡಿ. ಒಳಟ್ಯಾಂಕ್ ಸೋರಿದ್ರೆ ನೀರು ಅಲ್ಲೇ ಇಳಿಯೋದು, ಪಫ್‌ನ ಗುಳ್ಳೆಗಳಲ್ಲಿ ಅನಿಲ ಇದ್ದ ಕಡೆ ನೀರು ಕೂತ್ಕೊಳುತ್ತೆ.

ಆಮೇಲೆ ಪ್ಯಾನೆಲ್ಲಿನ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗೋ ಬಿಸಿ ಪೈಪ್ ಹಿಡಿದು ನೋಡಿ. ಸುತ್ತಿರೋ ಸ್ಲೀವ್ ಸರಿಸಿ ಲೋಹ ಮುಟ್ಟಿ. ಟ್ಯಾಂಕಿನ ಹತ್ತಿರ ಒಂದಡಿ ಬೆಚ್ಚಗಿರೋದು ಸಹಜ. ಪ್ಯಾನೆಲ್ಲಿನ ಅಂಚಿನ ಅಡ್ಡ ಪೈಪ್, ಅಂದ್ರೆ ಹೆಡರ್‌ವರೆಗೂ ಬಿಸಿ ಇದ್ದು, ಹೆಡರೂ ಬಿಸಿ ಇದ್ರೆ ನೀರು ಉಲ್ಟಾ ಓಡ್ತಿದೆ ಅಂತಾನೇ ಅರ್ಥ. ಬೆಳಗಿನ ಜಾವ ಗಾಜು ನೋಡೋದೂ ಒಂದು ಸುಳಿವು. ಸುತ್ತಮುತ್ತಲ ಮನೆಗಳ ಪ್ಯಾನೆಲ್ ಮೇಲೆ ಇಬ್ಬನಿ ಕೂತಿದ್ದು ನಿಮ್ಮದರ ಮೇಲ್ಭಾಗ ಒಣಗಿದ್ರೆ ಒಳಗಿಂದ ಬಿಸಿ ಬರ್ತಿದೆ.

ಖಚಿತ ಪರೀಕ್ಷೆ ಬೇಕಾದ್ರೆ ಗೇಟ್ ವಾಲ್ವ್. ಟ್ಯಾಂಕಿನ ತಳದಿಂದ ಪ್ಯಾನೆಲ್ಲಿನ ಕೆಳಗಿನ ಹೆಡರ್‌ಗೆ ಇಳಿಯೋ ತಣ್ಣೀರು ಪೈಪಲ್ಲಿ ಒಂದು ಇರುತ್ತೆ. ಸಂಜೆ ಆರೂವರೆಗೆ ಮುಚ್ಚಿ. ಬೆಳಗ್ಗೆ ಅದೇ ಬಕೆಟ್ ಪಟ್ಟಿ ಬರೀರಿ. ಆರೇಳು ಬಕೆಟ್ ಬಿಸಿಯಾಗಿ ಬಂದ್ರೆ ತೀರ್ಮಾನ ಆಯ್ತು. ಬಿಸಿಲು ಬೀಳೋ ಮುಂಚೆ ವಾಲ್ವ್ ತೆರೀಲೇಬೇಕು. ಮುಚ್ಚಿದ ಪ್ಯಾನೆಲ್ ಬಿಸಿಲಲ್ಲಿ ನಿಂತ್ರೆ ಒಳಗಿನ ನೀರು ಕುದಿಯುತ್ತೆ, ಗ್ಯಾಸ್ಕೆಟ್ ಹೋಗುತ್ತೆ, ಬಿಸಿ ಹಬೆ ಟ್ಯಾಂಕಿಗೆ ನುಗ್ಗುತ್ತೆ. ವಾಲ್ವಿಗೆ ಕೆಂಪು ಬಟ್ಟೆ ಕಟ್ಟಿ, ಫೋನಲ್ಲಿ ಅಲಾರಂ ಇಡಿ. ಇದು ಒಂದು ರಾತ್ರಿಯ ಪರೀಕ್ಷೆಗೆ ಮಾತ್ರ, ದಿನಾ ಮಾಡೋ ಉಪಾಯ ಅಲ್ಲ.

ಫಿಸಿಕ್ಸ್ ಮೇಡಂ:

"ಘನದಲ್ಲಿ ವಹನ, ದ್ರವದಲ್ಲಿ ಸಂವಹನ" ಎನ್ನುವ ಸಾಲು ಎಷ್ಟು ಗೊಂದಲ ಮಾಡುತ್ತದೆ ಎಂಬುದಕ್ಕೆ ಈ ಟ್ಯಾಂಕು ಸಾಕ್ಷಿ. ದ್ರವದಲ್ಲೂ ವಹನ ಇದ್ದೇ ಇದೆ. ಬಿಸಿ ಕೆಳಗಿನಿಂದ ಬಂದರೆ ಸಂವಹನ ಎದ್ದು ವಹನವನ್ನು ಮುಚ್ಚಿಹಾಕುತ್ತದೆ. ಬಿಸಿ ಮೇಲೇ ಇದ್ದರೆ ಹಗುರ ನೀರು ಮೇಲೆ, ಭಾರದ್ದು ಕೆಳಗೆ, ಕದಲಲು ಕಾರಣವೇ ಇಲ್ಲ. ಆಗ ಉಳಿಯುವುದು ಬರೀ ವಹನ.

ತರಗತಿಯಲ್ಲಿ ತೋರಿಸಲು ಸುಲಭ. ಪ್ರನಾಳದ ತಳಕ್ಕೆ ಒಂದು ತುಂಡು ಮಂಜುಗಡ್ಡೆ ಹಾಕಿ, ತೇಲದಂತೆ ಅದರ ಮೇಲೆ ತಂತಿಬಲೆಯ ಉಂಡೆ ಇಟ್ಟು, ಮುಕ್ಕಾಲು ನೀರು ತುಂಬಿ. ಪ್ರನಾಳವನ್ನು ಇಕ್ಕಳದಲ್ಲಿ ಓರೆಯಾಗಿ ಹಿಡಿದು ಮೇಲ್ಭಾಗಕ್ಕೆ ಮಾತ್ರ ಉರಿ ತೋರಿಸಿ. ಮೇಲೆ ನೀರು ಕುದಿಯುತ್ತಿರುತ್ತದೆ, ತಳದಲ್ಲಿ ಮಂಜುಗಡ್ಡೆ ಹಾಗೇ ಇರುತ್ತದೆ. ಬಲೆ ಇಡದೆ ಮಂಜುಗಡ್ಡೆ ಮೇಲೆ ತೇಲಲು ಬಿಟ್ಟು ತಳಕ್ಕೆ ಉರಿ ಕೊಟ್ಟರೆ ಬೇಗ ಕರಗಿಹೋಗುತ್ತದೆ. ಪ್ರನಾಳ ಬೊರೊಸಿಲಿಕೇಟ್ ಗಾಜಿನದೇ ಆಗಿರಲಿ, ಬಾಯಿ ಮಕ್ಕಳ ಕಡೆ ತಿರುಗಿರಬಾರದು.

ನಿಮ್ಮ ಪಟ್ಟಿಯಲ್ಲಿ 51, 41, 29 ಎಂದು ಮೆಟ್ಟಿಲಿಳಿದಂತೆ ಬಂದಿದೆಯಲ್ಲ, ಬಿಸಿನೀರು ತಣ್ಣೀರಿನ ನಡುವಿನ ಗಡಿ ಅಲ್ಲಿದೆ. ಗಡಿ ಮಸುಕಾಗಲು ಒಂದು ಕಾರಣ ವಹನ. ನಿಂತ ನೀರಿನಲ್ಲಿ ಹನ್ನೆರಡು ಗಂಟೆಯಲ್ಲಿ ಅದು ಹರಡುವುದು 10–15 ಸೆಂ.ಮೀ. ಅಷ್ಟೇ. ಇನ್ನೊಂದು ಕಾರಣ, ನೀವು ಬಕೆಟ್ ತುಂಬುವಾಗ ತಳದಿಂದ ರಭಸವಾಗಿ ನುಗ್ಗುವ ತಣ್ಣೀರು ಎಬ್ಬಿಸುವ ಕಲಕು. ಅಡ್ಡ ಮಲಗಿದ ಟ್ಯಾಂಕಿನಲ್ಲಿ ಗಡಿಯ ಅಗಲ ಹೆಚ್ಚು, ಎತ್ತರ ಕಡಿಮೆ. ಅದಕ್ಕೇ ನಿಂತ ಟ್ಯಾಂಕಿನಲ್ಲಿ ಪದರ ಇನ್ನೂ ಚೊಕ್ಕಟವಾಗಿ ಉಳಿಯುತ್ತದೆ.

"ಶಾಖ ಮೇಲಕ್ಕೆ ಹೋಗುತ್ತದೆ" ಎನ್ನುವುದನ್ನೂ ಮಕ್ಕಳ ಬಾಯಿಂದ ಬಿಡಿಸಬೇಕು. ಮೇಲಕ್ಕೆ ಹೋಗುವುದು ಬಿಸಿಯಾಗಿ ಹಗುರಾದ ನೀರು ಅಥವಾ ಗಾಳಿ. ಕಬ್ಬಿಣದ ಸರಳಿನಲ್ಲಿ ಶಾಖಕ್ಕೆ ಮೇಲು ಕೆಳಗು ಎಂಬುದಿಲ್ಲ.

ತಾರಸಿವಾಸಿ:

ಎಲ್ಲರಿಗೂ ಧನ್ಯವಾದ. ವಾಲ್ವ್ ಮುಚ್ಚಿ ನೋಡಿದ್ದಾಯ್ತು: 55, 55, 55, 54, 54, 53, 49, 42. ತಗಡು ಎಲ್ಲ ಕಡೆ ತಣ್ಣಗಿದೆ. ಅಂದರೆ ಟ್ಯಾಂಕಿನದು ತಪ್ಪಿಲ್ಲ.

ಈಗ ಎರಡು ಪ್ರಶ್ನೆ. ಆ ಬಿಸಿ ಪೈಪಿಗೆ ಒಂದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಉಲ್ಟಾ ಹರಿವು ನಿಲ್ಲಲ್ವಾ? ಸ್ಟ್ಯಾಂಡ್ ಎತ್ತರಿಸೋದಕ್ಕಿಂತ ಅದು ಅಗ್ಗ. ಮತ್ತೆ, ಪಂಪೇ ಇಲ್ಲದೆ ನೀರು ಉಲ್ಟಾ ಹೋಗೋದಕ್ಕೆ ತಳ್ಳೋದು ಯಾರು?

ಉಷ್ಣಲೆಕ್ಕ:

ಎರಡನೆಯದರಿಂದ ಶುರು ಮಾಡೋಣ, ಅದು ತಿಳಿದರೆ ಮೊದಲನೆಯದಕ್ಕೆ ಉತ್ತರ ತಾನಾಗಿ ಬರುತ್ತದೆ.

ಒಂದು ಘನ ಮೀಟರ್ ನೀರು 30 ಡಿಗ್ರಿಯಲ್ಲಿ 995.7 ಕಿಲೋ, 60 ಡಿಗ್ರಿಯಲ್ಲಿ 983.2 ಕಿಲೋ. ವ್ಯತ್ಯಾಸ ಹನ್ನೆರಡೂವರೆ ಕಿಲೋ. ಹಗಲಿನಲ್ಲಿ ಪ್ಯಾನೆಲ್ ಕಡೆಯ ಕಂಬದಲ್ಲಿ ಬಿಸಿನೀರು, ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ ತಣ್ಣೀರು. ಕಂಬದ ಎತ್ತರ ಒಂದು ಮೀಟರ್ ಇದ್ದರೆ ಎರಡರ ನಡುವಿನ ಒತ್ತಡದ ಅಂತರ ಸುಮಾರು 120 ಪ್ಯಾಸ್ಕಲ್. 12 ಮಿ.ಮೀ. ನೀರು ನಿಂತರೆ ತಳಕ್ಕೆ ಎಷ್ಟು ಒತ್ತಡವೋ ಅಷ್ಟು. ಇಡೀ ವ್ಯವಸ್ಥೆ ನಡೆಯುವುದು ಈ ಹನ್ನೆರಡು ಮಿಲಿಮೀಟರಿನ ಮೇಲೆ.

ರಾತ್ರಿ ಪ್ಯಾನೆಲ್ ಆಕಾಶಕ್ಕೆ ವಿಕಿರಣ ಸೂಸಿ ತಣ್ಣಗಾಗುತ್ತದೆ. ಮೋಡವಿಲ್ಲದ ರಾತ್ರಿ ಗಾಜು ಗಾಳಿಗಿಂತಲೂ ತಣ್ಣಗಾಗಬಹುದು. ಈಗ ಪ್ಯಾನೆಲ್ಲಿನ ಮೇಲ್ತುದಿಯ ಮಟ್ಟದಲ್ಲಿ ಒಂದು ಗೆರೆ ಎಳೆಯಿರಿ. ನಿಮ್ಮ ಟ್ಯಾಂಕಿನ ಕೆಳಗಿನ 25 ಸೆಂ.ಮೀ. ಆ ಗೆರೆಯ ಕೆಳಗಿದೆ. ಆ ಎತ್ತರದಲ್ಲಿ ಒಂದು ಕಡೆ ಟ್ಯಾಂಕಿನ ಹಗುರ ಬಿಸಿನೀರು, ಇನ್ನೊಂದು ಕಡೆ ಪ್ಯಾನೆಲ್ಲಿನ ಭಾರದ ತಣ್ಣೀರು. ಭಾರದ್ದು ಇಳಿಯುತ್ತದೆ, ಇಳಿದು ತಣ್ಣೀರು ಪೈಪಿನ ಮೂಲಕ ಟ್ಯಾಂಕಿನ ತಳಕ್ಕೆ ಏರುತ್ತದೆ, ಅದರ ಜಾಗಕ್ಕೆ ಟ್ಯಾಂಕಿನ ಬಿಸಿನೀರು ಬರುತ್ತದೆ. ಟ್ಯಾಂಕಿನೊಳಗಿನ ತಣ್ಣೀರ ಪದರ ಆ ಗೆರೆ ಮುಟ್ಟುವ ತನಕ ಇದು ನಡೆಯಬಲ್ಲದು. 45 ಸೆಂ.ಮೀ. ವ್ಯಾಸದಲ್ಲಿ 25 ಸೆಂ.ಮೀ. ಅಂದರೆ ಅರ್ಧಕ್ಕಿಂತ ಹೆಚ್ಚು ನೀರು ಅಪಾಯದಲ್ಲಿದೆ. ಬೆಳಗಾಗುವುದರಿಂದ ಅಷ್ಟಕ್ಕೆ ಉಳಿದಿದೆ.

ಟ್ಯಾಂಕಿನ ತಳ ಪ್ಯಾನೆಲ್ಲಿನ ಮೇಲ್ತುದಿಗಿಂತ 30 ಸೆಂ.ಮೀ. ಮೇಲಿದ್ದರೆ ಚಿತ್ರ ತಿರುಗುತ್ತದೆ. ಉಲ್ಟಾ ಹೊರಟ ಹರಿವು ತಣ್ಣೀರು ಪೈಪಿನಲ್ಲಿ ಉದ್ದದ, ಭಾರದ ತಣ್ಣನೆ ಕಂಬವನ್ನು ಮೇಲೆತ್ತಬೇಕು. ಎತ್ತಲು ಬೇಕಾದ ತೂಕ ಆಚೆ ಕಡೆ ಇಲ್ಲ. ಹೊರಟಲ್ಲೇ ನಿಲ್ಲುತ್ತದೆ. ವಹನವನ್ನು ದಪ್ಪದಿಂದ ತಡೆಯುತ್ತೇವೆ, ಈ ಸಂವಹನವನ್ನು ಎತ್ತರದಿಂದ.

ಎನ್‌ಆರ್‌ವಿ: ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ಮಾದರಿ ತೆರೆಯಲು ಸಾಮಾನ್ಯವಾಗಿ ಸಾವಿರ ಪ್ಯಾಸ್ಕಲ್‌ಗೂ ಮೇಲೆ ಬೇಕು. ನಿಮ್ಮ ಬಳಿ ಇರುವುದು ನೂರಿಪ್ಪತ್ತು. ರಾತ್ರಿಯ ಹರಿವು ನಿಲ್ಲುತ್ತದೆ, ನಿಜ. ಹಗಲಿನದೂ ನಿಲ್ಲುತ್ತದೆ. ತೀರಾ ಹಗುರ ಮುಚ್ಚಳದ, ಅಡ್ಡಲಾಗಿ ಕೂರಿಸುವ ಫ್ಲ್ಯಾಪ್ ಮಾದರಿ ಕೆಲಸ ಮಾಡಬಹುದು, ಆದರೆ ಅದರ ಮೇಲೆ ಸುಣ್ಣ ಕೂತರೆ ಅರ್ಧ ತೆರೆದೋ ಅರ್ಧ ಮುಚ್ಚಿಯೋ ಸಿಕ್ಕಿಕೊಳ್ಳುತ್ತದೆ.

ಪೈಪ್‌ರೇಂಚು:

ಎನ್‌ಆರ್‌ವಿ ಬೇಡ. ಸ್ಟ್ಯಾಂಡ್ 55 ಸೆಂ.ಮೀ. ಎತ್ತರಿಸಿ, ಅಥವಾ ಟ್ಯಾಂಕ್ ಇದ್ದಲ್ಲೇ ಇಟ್ಟು ಪ್ಯಾನೆಲ್ ಅಷ್ಟು ಕೆಳಗಿಳಿಸೋಕೆ ಜಾಗ ಇದೆಯಾ ನೋಡಿ. ಕೆಳಗಿನ ಸಜ್ಜಾ ಅಥವಾ ಒಂದು ಮಟ್ಟ ಕೆಳಗಿನ ತಾರಸಿ ಇದ್ರೆ ಎಷ್ಟೋ ಸುಲಭ.

ಎತ್ತರಿಸೋದೇ ಆದ್ರೆ ಒಂದೊಂದಾಗಿ:

ಓವರ್‌ಹೆಡ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಕನಿಷ್ಠ ಒಂದಡಿ ಮೇಲಿರಬೇಕು. ಇಲ್ಲದಿದ್ರೆ ಓವರ್‌ಹೆಡ್ ಅರ್ಧ ಖಾಲಿ ಆದಾಗ ಸೋಲಾರ್ ತುಂಬಲ್ಲ, ಬಿಸಿನೀರೇ ಬರಲ್ಲ. ನಿಮ್ಮಲ್ಲಿ ಸ್ಟ್ಯಾಂಡ್ ಗಿಡ್ಡ ಮಾಡಿದ್ದು ಇದೇ ಕಾರಣಕ್ಕೆ. ಹಾಗಾಗಿ ಓವರ್‌ಹೆಡ್ಡನ್ನೂ ಇಟ್ಟಿಗೆ ಕಟ್ಟೆ ಕಟ್ಟಿ ಎತ್ತರಿಸಬೇಕಾಗಬಹುದು. ಮೊದಲು ಟೇಪ್ ಹಿಡಿದು ಅಳೀರಿ, ಆಮೇಲೆ ವೆಲ್ಡರ್‌ನ ಕರೀರಿ.

ನೀರು ತುಂಬಿದ ಟ್ಯಾಂಕ್ 250 ಕಿಲೋ ಹತ್ತಿರ ಬರುತ್ತೆ. ಸ್ಟ್ಯಾಂಡಿನ ಕಾಲು ಬೀಮ್ ಅಥವಾ ಗೋಡೆಯ ನೇರಕ್ಕೆ ಬರಲಿ. ತಾರಸಿಗೆ ಆಂಕರ್ ಬೋಲ್ಟ್ ಕೊರೆದು ವಾಟರ್‌ಪ್ರೂಫಿಂಗ್ ಹಾಳು ಮಾಡಬೇಡಿ, ಸಿಮೆಂಟ್ ಪೀಠದಲ್ಲಿ ಕಾಲು ಹೂತು ಗಾಳಿಗೆ ಅಲುಗದಂಗೆ ಮಾಡಿ.

ಬಿಸಿ ಪೈಪ್ ಪ್ಯಾನೆಲ್ಲಿಂದ ಟ್ಯಾಂಕಿನವರೆಗೂ ಏರ್ತಾನೇ ಇರಬೇಕು. ಮೀಟರಿಗೆ ಐದು ಸೆಂ.ಮೀ. ಏರು ಕೊಡಿ. ನಡುವೆ ಎಲ್ಲಾದ್ರೂ ಗೂನು ಬಿದ್ರೆ ಅಲ್ಲಿ ಗಾಳಿ ಕೂತ್ಕೊಳುತ್ತೆ. ಹನ್ನೆರಡು ಮಿಲಿಮೀಟರಿನ ತಳ್ಳಾಟಕ್ಕೆ ಆ ಗುಳ್ಳೆ ದಾಟೋ ಶಕ್ತಿ ಇಲ್ಲ, ಹಗಲೆಲ್ಲ ಪ್ಯಾನೆಲ್ ಸುಡ್ತಿರುತ್ತೆ, ಟ್ಯಾಂಕಲ್ಲಿ ತಣ್ಣೀರು. ಒಂದಿಂಚಿಗಿಂತ ಸಣ್ಣ ಪೈಪ್ ಬೇಡ, ಎಲ್ಬೋ ಬದಲು ಉದ್ದ ಬೆಂಡ್ ಹಾಕಿ.

ಏರ್ ವೆಂಟ್ ಪೈಪ್ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಹೋಗಿ ಬಾಗಿರಬೇಕು. ಸ್ಟ್ಯಾಂಡ್ ಎತ್ತರಿಸಿದ ಮೇಲೆ ಇದನ್ನ ಮರೀತಾರೆ, ಆಮೇಲೆ ವೆಂಟಲ್ಲಿ ನೀರು ಸುರಿಯುತ್ತೆ ಅಂತ ಫೋನ್ ಬರುತ್ತೆ.

ಪೈಪಿಗೆ 13 ಮಿ.ಮೀ. ದಪ್ಪದ ಸ್ಲೀವ್ ಹಾಕಿ, ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿ. ಬರೀ ಕಪ್ಪು ಸ್ಲೀವ್ ಬಿಸಿಲಿಗೆ ಪುಡಿಪುಡಿ ಆಗುತ್ತೆ.

ಉಷ್ಣಲೆಕ್ಕ:

ಸ್ಲೀವ್ ವಿಷಯದಲ್ಲಿ ಒಂದು ಅಂಕಿ. ಏನೂ ಸುತ್ತದೆ ಬಿಟ್ಟ ಒಂದಿಂಚಿನ ಪೈಪ್ 3 ಮೀಟರ್ ಇದ್ದರೆ ಹೊರಮೈ 0.3 ಚದರ ಮೀಟರ್. ಸುತ್ತಲ ಗಾಳಿಯ ಸಂವಹನ ಮತ್ತು ವಿಕಿರಣ ಸೇರಿ ಒಂದು ಚದರ ಮೀಟರಿಗೆ, ಒಂದು ಡಿಗ್ರಿಗೆ 10 ವ್ಯಾಟ್ ಹಿಡಿದರೆ, 40 ಡಿಗ್ರಿ ಅಂತರಕ್ಕೆ 120 ವ್ಯಾಟ್. ಪೈಪ್ ತಾಮ್ರದ್ದೋ ಜಿಐಯದ್ದೋ ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಲೋಹದ ಗೋಡೆ ದಾಟುವುದು ಶಾಖಕ್ಕೆ ಕಷ್ಟವೇ ಅಲ್ಲ. ಕಷ್ಟ ಇರುವುದು ಹೊರಗಿನ ಗಾಳಿಯ ತೆಳು ಪದರ ದಾಟುವುದರಲ್ಲಿ. ಗಾಳಿ ಬೀಸಿದರೆ ಆ ಕಷ್ಟವೂ ಕಡಿಮೆಯಾಗುತ್ತದೆ. ಸ್ಲೀವ್ ಮಾಡುವುದು ಇಷ್ಟೇ: ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಕೂಡಿಹಾಕಿ ತಿರುಗದಂತೆ ಮಾಡುತ್ತದೆ. ತಿರುಗದ ಗಾಳಿಗಿಂತ ಒಳ್ಳೆಯ ತಡೆ ಸುಲಭಕ್ಕೆ ಸಿಗುವುದಿಲ್ಲ.

ಬೋರ್‌ನೀರು:

ಇದೇ ಎಳೆಯಲ್ಲಿ ಕೇಳ್ತೀನಿ, ಕ್ಷಮಿಸಿ. ಇಟಿಸಿ ಗಾಜಿನ ಕೊಳವೆಯವಕ್ಕೂ ಈ ಉಲ್ಟಾ ಹರಿವಿನ ಕಾಟ ಇದೆಯಾ? ಮತ್ತೆ ಗಡಸು ಬೋರ್ ನೀರಿನ ಸುಣ್ಣ ವಹನ ಕೆಡಿಸುತ್ತೋ ಸಂವಹನ ಕೆಡಿಸುತ್ತೋ?

ಉಷ್ಣಲೆಕ್ಕ:

ಎರಡನೆಯದು ಒಳ್ಳೆಯ ಪ್ರಶ್ನೆ. ಎಲ್ಲಿ ಕೂತಿದೆ ಎಂಬುದರ ಮೇಲೆ ಉತ್ತರ.

ಎಫ್‌ಪಿಸಿಯ ತಾಮ್ರದ ರೈಸರ್ (ನೀರು ಮೇಲೇರುವ ಸಣ್ಣ ಕೊಳವೆ) ಹೊರವ್ಯಾಸ 12.7 ಮಿ.ಮೀ., ಒಳಗೆ ಸುಮಾರು 11.6. ಅಲ್ಲಿ ಶಾಖ ಬರುವುದು ನಿಧಾನ, ಕೊಳವೆಯ ಒಳಮೈಗೆ ಒಂದು ಚದರ ಮೀಟರಿಗೆ 2,000 ವ್ಯಾಟ್ ಆಸುಪಾಸು. ಒಂದು ಮಿ.ಮೀ. ಸುಣ್ಣ ಕೂತರೂ ವಹನಕ್ಕೆ ಆಗುವ ನಷ್ಟ ಎರಡು ಡಿಗ್ರಿ. ಆದರೆ ಸುತ್ತಲೂ 3 ಮಿ.ಮೀ. ಕೂತರೆ ದಾರಿ 5.6 ಮಿ.ಮೀ.ಗೆ ಇಳಿಯುತ್ತದೆ, ನಿಧಾನ ಹರಿವಿನಲ್ಲಿ ತಡೆ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಏರುವುದರಿಂದ 18 ಪಟ್ಟಾಗುತ್ತದೆ. ಅಲ್ಲಿ ಸಾಯುವುದು ಸಂವಹನ.

ಟ್ಯಾಂಕಿನೊಳಗಿನ ಕರೆಂಟಿನ ಬ್ಯಾಕಪ್ ಕಾಯಿಲ್‌ನಲ್ಲಿ ತದ್ವಿರುದ್ಧ. 2 ಕಿಲೋವ್ಯಾಟ್ ಶಾಖ 0.03 ಚದರ ಮೀಟರ್ ಮೈಯಿಂದ ಹೊರಬರಬೇಕು, ಅಂದರೆ ಚದರ ಮೀಟರಿಗೆ 67 ಸಾವಿರ ವ್ಯಾಟ್. ಒಂದು ಮಿ.ಮೀ. ಸುಣ್ಣದ ಎರಡು ಬದಿಗೆ ಅರವತ್ತು ಎಪ್ಪತ್ತು ಡಿಗ್ರಿ ಅಂತರ ಹುಟ್ಟುತ್ತದೆ. ನೀರು 55ರಲ್ಲಿದ್ದಾಗ ಕಾಯಿಲ್‌ನ ಮೈ 120 ದಾಟಿರುತ್ತದೆ. ಸುಣ್ಣ ದಪ್ಪಗಾದಷ್ಟೂ ಕಾಯಿಲ್ ಒಳಗೇ ಕಾದು ಸಿಡಿಯುತ್ತದೆ.

ಕಾಯಿಲ್ ಎಂದಾಗ ಇನ್ನೊಂದು ಮಾತು. ಅದನ್ನು ಟ್ಯಾಂಕಿನ ನಡುಮಟ್ಟದಲ್ಲಿ ಹಾಕಿದರೆ ಕಾಯುವುದು ಅದರ ಮೇಲಿನ ನೀರು ಮಾತ್ರ. ದೋಷವಲ್ಲ ಅದು. ಅರ್ಧ ಟ್ಯಾಂಕು ಸಾಕೆನ್ನುವವರಿಗೆ ಕರೆಂಟ್ ಉಳಿಯುತ್ತದೆ. 100 ಲೀಟರನ್ನು 20 ಡಿಗ್ರಿ ಏರಿಸಲು 2.3 ಯೂನಿಟ್, 2 ಕಿಲೋವ್ಯಾಟ್ ಕಾಯಿಲ್‌ಗೆ 70 ನಿಮಿಷ.

ಪೈಪ್‌ರೇಂಚು:

ರೈಸರ್ ಸುಣ್ಣಕ್ಕೆ ನೂರಕ್ಕೆ ಐದರಷ್ಟು ಸಿಟ್ರಿಕ್ ಆಮ್ಲದ ನೀರು ಸಣ್ಣ ಪಂಪಲ್ಲಿ ತಿರುಗಿಸ್ತಾರೆ, ಗುಳ್ಳೆ ಬರೋದು ನಿಲ್ಲೋ ತನಕ. ಪ್ಯಾನೆಲ್ಲನ್ನ ಟ್ಯಾಂಕಿಂದ ಬಿಚ್ಚಿಯೇ ಮಾಡಬೇಕು, ಆಮೇಲೆ ಬರೀ ನೀರಲ್ಲಿ ಚೆನ್ನಾಗಿ ತೊಳೀಬೇಕು. ಟಾಯ್ಲೆಟ್ ತೊಳೆಯೋ ಹೈಡ್ರೋಕ್ಲೋರಿಕ್ ಆಸಿಡ್ ಹಾಕಬೇಡಿ, ಸ್ಟೇನ್‌ಲೆಸ್ ಟ್ಯಾಂಕಿಗೆ ತಗುಲಿದ್ರೆ ಸೂಜಿ ಚುಚ್ಚಿದಂಗೆ ತೂತು ಬೀಳುತ್ತೆ.

ಇಟಿಸಿಗೆ ಉಲ್ಟಾ ಹರಿವಿನ ಕಾಟ ಇಲ್ಲ ಅಂದ್ರೂ ನಡೆಯುತ್ತೆ. ಕೊಳವೆ ಟ್ಯಾಂಕಿಂದ ಕೆಳಕ್ಕೆ ಇಳಿದು ತುದಿ ಮುಚ್ಚಿರುತ್ತೆ, ಸುತ್ತಿ ಬರೋ ದಾರಿ ಇಲ್ಲ. ತಣ್ಣಗಾದ ನೀರು ಅಲ್ಲೇ ತಳದಲ್ಲಿ ಕೂತಿರುತ್ತೆ. ಎರಡು ಗಾಜಿನ ನಡುವೆ ನಿರ್ವಾತ ಇರೋದ್ರಿಂದ ವಹನಕ್ಕೂ ಸಂವಹನಕ್ಕೂ ಅಲ್ಲಿ ವಸ್ತುವೇ ಇಲ್ಲ, ವಿಕಿರಣ ಒಂದೇ.

ನಿರ್ವಾತ ಹೋಗಿದೆಯಾ ಅಂತ ತಿಳಿಯೋಕೆ ಕೊಳವೆಯ ಕೆಳತುದಿ ನೋಡಿ. ಬೆಳ್ಳಿ ಥರ ಹೊಳೀತಿದ್ರೆ ಸರಿ. ಅದು ಬೇರಿಯಂ ಲೇಪ, ಗಾಳಿ ನುಗ್ಗಿದ್ರೆ ಹಾಲಿನ ಬಿಳಿ ಆಗುತ್ತೆ. ಬಿಸಿಲಲ್ಲಿ ಹೊರಗಾಜು ಮುಟ್ಟಿದ್ರೂ ಗೊತ್ತಾಗುತ್ತೆ, ಉಳಿದವು ತಣ್ಣಗಿದ್ದು ಒಂದು ಮಾತ್ರ ಬಿಸಿ ಇದ್ರೆ ಅದೇ ಕೆಟ್ಟಿರೋದು. ಹೊಸ ಕೊಳವೆ ಹಾಕಿದ ಮೇಲೆ ನೀರು ತುಂಬೋದು ಮುಂಜಾನೆ ಅಥವಾ ಸಂಜೆ ಕತ್ತಲಾದ ಮೇಲೆ. ಒಣ ಕೊಳವೆ ಬಿಸಿಲಲ್ಲಿ 200 ಡಿಗ್ರಿ ದಾಟುತ್ತೆ, ಮಧ್ಯಾಹ್ನ ತಣ್ಣೀರು ಬಿಟ್ರೆ ಒಡೆಯುತ್ತೆ, ಒಂದು ಒಡೆದ್ರೆ ಟ್ಯಾಂಕ್ ನೀರೆಲ್ಲ ಆ ತೂತಲ್ಲೇ ಖಾಲಿ.